ಫೆಬ್ರವರಿಯಲ್ಲಿ ಐಸ್ ಮೇಲೆ, ಸೆಪ್ಟೆಂಬರ್‌ನಲ್ಲಿ ಸೈಕಲ್ ಮೇಲೆ: ಈ ಕ್ರಿಸ್ಟಾ ಒಬ್ಬರೇನಾ, ಇಬ್ಬರಾ?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹನ್ನೊಂದು ವರ್ಷ, ಎರಡು ವರ್ಷದಿಂದ ಸ್ಕೇಟಿಂಗ್ ಕ್ಲಾಸಿಗೆ ಹೋಗುತ್ತಾಳೆ. ಐಸ್ ಸ್ಕೇಟಿಂಗ್ ಅಲ್ಲ, ಚಕ್ರದ ಸ್ಕೇಟ್ಸು. ಕಳೆದ ಭಾನುವಾರ ಸಂಜೆ ಇಬ್ಬರೂ ಕೂತು 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನ ಹಳೇ ವಿಡಿಯೊ ನೋಡುತ್ತಿದ್ದೆವು. ಅದರಲ್ಲಿ ಪೂರ್ವ ಜರ್ಮನಿಯ ಕ್ರಿಸ್ಟಾ ರೋಟೆನ್‌ಬುರ್ಗರ್ ಅಂತ ಒಬ್ಬರು ಐಸ್ ಮೇಲಿನ ಸ್ಪೀಡ್ ಸ್ಕೇಟಿಂಗ್‌ನ 1000 ಮೀಟರ್‌ನಲ್ಲಿ ಚಿನ್ನ ಗೆದ್ದರು. ಮಗಳಿಗೆ ಅವರು ತಿರುವಿನಲ್ಲಿ ಬಾಗುವ ರೀತಿ ಎಷ್ಟು ಇಷ್ಟವಾಯಿತೆಂದರೆ ಅದೊಂದನ್ನೇ ಏಳೆಂಟು ಸಲ ಹಾಕಿಸಿಕೊಂಡು ನೋಡಿದಳು.

ಆಮೇಲೆ ಅದೇ ವರ್ಷದ ಸೋಲ್ ಒಲಿಂಪಿಕ್ಸ್‌ನ ಸೈಕ್ಲಿಂಗ್ ಪದಕದ ಪಟ್ಟಿಯಲ್ಲಿ ಕ್ರಿಸ್ಟಾ ಲೂಡಿಂಗ್-ರೋಟೆನ್‌ಬುರ್ಗರ್ ಅಂತ ಕಂಡಿತು. 1992ರ ಸ್ಕೇಟಿಂಗ್ ಪಟ್ಟಿಯಲ್ಲಿ ಬರೀ ಕ್ರಿಸ್ಟಾ ಲೂಡಿಂಗ್. ನಾನು ಅಕ್ಕ ತಂಗಿ ಇರಬಹುದು ಅಂದುಕೊಂಡೆ. ಮಗಳು ಮಾತ್ರ "ಅಲ್ಲಮ್ಮಾ, ಒಬ್ಬರೇ" ಅಂತ ಹಟ ಹಿಡಿದಿದ್ದಾಳೆ.

ಒಬ್ಬರೇ ಆಗಿದ್ದರೆ ಇದು ಹೇಗೆ ಸಾಧ್ಯ ಆಯ್ತು ಅಂತ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳುತ್ತೀರಾ? ಏಳು ತಿಂಗಳಲ್ಲಿ ಎರಡು ಆಟ, ಎರಡು ಒಲಿಂಪಿಕ್ಸ್, ಎರಡರಲ್ಲೂ ಪದಕ! ಮತ್ತೆ ಇಷ್ಟು ದೊಡ್ಡ ವಿಷಯವನ್ನು ನಾನು ಯಾಕೆ ಇದುವರೆಗೂ ಎಲ್ಲೂ ಕೇಳಿಲ್ಲ? ಇವಳಿಗೆ ಸರಿಯಾಗಿ ಉತ್ತರ ಹೇಳಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಡ್ರೆಸ್ಡೆನ್ ಕನ್ನಡಿಗ

ನಿಮ್ಮ ಮಗಳೇ ಸರಿ ಮೇಡಂ. ಒಬ್ಬರೇ.

ಹೆಸರಿನ ಗೊಂದಲ ಮೊದಲು ಬಿಡಿಸಿಬಿಡುತ್ತೇನೆ. ಅವರ ಕೋಚ್ ಹೆಸರು ಅರ್ನ್‌ಸ್ಟ್ ಲೂಡಿಂಗ್. ಕ್ಯಾಲ್ಗರಿ ಮುಗಿದು ಸೋಲ್ ಶುರುವಾಗುವುದರೊಳಗೆ ಇಬ್ಬರೂ ಮದುವೆಯಾದರು. ಅದಕ್ಕೇ ಫೆಬ್ರವರಿಯಲ್ಲಿ ರೋಟೆನ್‌ಬುರ್ಗರ್, ಸೆಪ್ಟೆಂಬರ್‌ನಲ್ಲಿ ಲೂಡಿಂಗ್-ರೋಟೆನ್‌ಬುರ್ಗರ್. 1992ರ ಹೊತ್ತಿಗೆ ಬರೀ ಲೂಡಿಂಗ್. ಪಟ್ಟಿ ನೋಡಿದವರು ಮೂರು ಜನ ಅಂದುಕೊಂಡರೂ ತಪ್ಪಿಲ್ಲ.

ನಾನು ಕೆಲಸದ ಮೇಲೆ ಡ್ರೆಸ್ಡೆನ್‌ಗೆ ಬಂದು ಆರು ವರ್ಷ ಆಯ್ತು. ಅವರು ಬೆಳೆದದ್ದು, ಗೆದ್ದದ್ದು ಎಲ್ಲ ಇದೇ ಊರಿನ ಎಸ್‌ಸಿ ಐನ್‌ಹೈಟ್ ಡ್ರೆಸ್ಡೆನ್ ಕ್ಲಬ್ಬಿನಿಂದ. ಹುಟ್ಟಿದ್ದು 1959ರ ಡಿಸೆಂಬರ್ 4ರಂದು, ವೈಸ್‌ವಾಸರ್ ಅನ್ನುವ ಊರಿನಲ್ಲಿ. ಪೋಲೆಂಡ್ ಗಡಿಯ ಹತ್ತಿರದ ಸಣ್ಣ ಊರು. ಗಾಜಿನ ಕಾರ್ಖಾನೆಗಳಿಗೆ, ಐಸ್ ಹಾಕಿಗೆ ಹೆಸರುವಾಸಿ. ಅಂಥ ಊರಿನ ಮಕ್ಕಳಿಗೆ ಐಸ್ ಅಂದರೆ ನಮ್ಮ ಮಕ್ಕಳಿಗೆ ಮೈದಾನ ಇದ್ದ ಹಾಗೆ.

1980ರ ಲೇಕ್ ಪ್ಲಾಸಿಡ್ ಅವರ ಮೊದಲ ಒಲಿಂಪಿಕ್ಸ್. 500 ಮೀಟರ್‌ನಲ್ಲಿ ಹನ್ನೆರಡನೇ ಸ್ಥಾನ ಬಂತು. ಅದೇ ಓಟದಲ್ಲಿ ಚಿನ್ನ ಗೆದ್ದದ್ದು ಯಾರು ಗೊತ್ತಾ? ಇದೇ ಕ್ಲಬ್ಬಿನ ಇನ್ನೊಬ್ಬ ಹುಡುಗಿ, ಕರೀನ್ ಎಂಕೆ. ಆಗ ಬರೀ ಹದಿನೆಂಟು ವರ್ಷ, ಕ್ರಿಸ್ಟಾ ಅವರಿಗಿಂತ ಚಿಕ್ಕವರು. ಮುಂದೆ ಮದುವೆಯಾಗಿ ಕರೀನ್ ಕನಿಯಾ ಆದರು. ಈ ಇಬ್ಬರ ಕಥೆ ಬಿಟ್ಟು ಕ್ರಿಸ್ಟಾ ಕಥೆ ಹೇಳೋಕೆ ಆಗಲ್ಲ. 1983ರಿಂದ 1988ರವರೆಗೆ ಸತತ ಆರು ವರ್ಷ ಸ್ಕೇಟಿಂಗ್‌ನ ಸ್ಪ್ರಿಂಟ್ (ಕಡಿಮೆ ದೂರದ ವೇಗದ ಓಟ) ವಿಶ್ವ ಚಾಂಪಿಯನ್ ಪಟ್ಟ ಈ ಇಬ್ಬರನ್ನು ಬಿಟ್ಟು ಹೊರಗೆ ಹೋಗಲೇ ಇಲ್ಲ. ನಾಲ್ಕು ಸಲ ಕರೀನ್, 1985 ಮತ್ತು 1988ರಲ್ಲಿ ಕ್ರಿಸ್ಟಾ. ಜಗತ್ತಿನ ಅತಿ ವೇಗದ ಎದುರಾಳಿ ದಿನಾ ಬೆಳಿಗ್ಗೆ ನಿಮ್ಮ ರಿಂಕಿನಲ್ಲೇ ಸ್ಕೇಟ್ಸಿನ ಲೇಸು ಕಟ್ಟುತ್ತಾ ಕೂತಿರುವುದು ಹೇಗಿರುತ್ತೆ, ಯೋಚನೆ ಮಾಡಿ.

1984ರಲ್ಲಿ ಸರಾಯೆವೊ. ತೆರೆದ ಆಕಾಶದ ಕೆಳಗಿನ ರಿಂಕು. 500 ಮೀಟರ್‌ನಲ್ಲಿ ಕ್ರಿಸ್ಟಾ 41.02 ಸೆಕೆಂಡಿಗೆ ಚಿನ್ನ, ಕರೀನ್ 41.28ಕ್ಕೆ ಬೆಳ್ಳಿ.

ಇನ್ನು ನೀವು ನೋಡಿದ ಕ್ಯಾಲ್ಗರಿ. ಒಲಿಂಪಿಕ್ಸ್ ಇತಿಹಾಸದಲ್ಲೇ ಮೊದಲ ಸಲ ಸ್ಪೀಡ್ ಸ್ಕೇಟಿಂಗ್ ಸೂರಿನ ಕೆಳಗೆ ನಡೆದದ್ದು ಅಲ್ಲಿ. ಗಾಳಿ ಇಲ್ಲ, ಹಿಮ ಇಲ್ಲ, ಊರು ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿದೆ, ಗಾಳಿಯ ತಡೆ ಕಡಿಮೆ. ದಾಖಲೆಗಳು ಸಾಲಾಗಿ ಉರುಳಿದವು. 500 ಮೀಟರ್‌ನಲ್ಲಿ ಕ್ರಿಸ್ಟಾ 39.12ಕ್ಕೆ ಮುಗಿಸಿದರು, ಹೊಸ ವಿಶ್ವದಾಖಲೆ. ಅವರಾದ ಸ್ವಲ್ಪ ಹೊತ್ತಿಗೇ ಅಮೆರಿಕದ ಬಾನಿ ಬ್ಲೇರ್ ಇಳಿದರು: 39.10. ಸೆಕೆಂಡಿನ ನೂರರಲ್ಲಿ ಎರಡು ಪಾಲು. ಆ ವೇಗಕ್ಕೆ ನಾನು ಲೆಕ್ಕ ಹಾಕಿ ನೋಡಿದೆ, ಅರ್ಧ ಕಿಲೋಮೀಟರ್ ಓಡಿದ ಮೇಲೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಿಮ್ಮ ಮಗಳ ಕೈ ಅಗಲಿಸಿ ತೋರಿಸಿ, ಅಷ್ಟರಲ್ಲಿ ಒಂದು ಚಿನ್ನ ಹೋಯಿತು ಅಂತ.

ನಾಲ್ಕು ದಿನ ಬಿಟ್ಟು 1000 ಮೀಟರ್. ಈ ಸಲ ಕ್ರಿಸ್ಟಾ 1 ನಿಮಿಷ 17.65, ಕರೀನ್ 1 ನಿಮಿಷ 17.70, ಬ್ಲೇರ್ ಮೂರನೆಯವರು. ವ್ಯತ್ಯಾಸ ಒಂದೂವರೆ ಮೊಳ ಬರಬಹುದು. ಮತ್ತೆ ವಿಶ್ವದಾಖಲೆ, ಮತ್ತೆ ಚಿನ್ನ. ನಿಮ್ಮ ಮಗಳು ಏಳೆಂಟು ಸಲ ನೋಡಿದ್ದು ಇದನ್ನೇ.

ಸೈಕಲ್ ವಿಷಯಕ್ಕೆ ಬಂದರೆ, ಅದು ಕೋಚ್ ಲೂಡಿಂಗ್ ತಲೆಯಲ್ಲಿ 1980ರ ಹೊತ್ತಿಗೇ ಹುಟ್ಟಿದ ಯೋಚನೆ. ಸ್ಕೇಟರ್‌ಗಳು ಬೇಸಿಗೆಯಲ್ಲಿ ಹೇಗೂ ಸೈಕಲ್ ತುಳಿಯುತ್ತಾರೆ, ಕಾಲಿಗೆ ಅದು ಒಳ್ಳೆಯ ಕಸರತ್ತು. ಹೇಗೂ ತುಳಿಯುತ್ತೀಯ, ಸ್ಪರ್ಧೆಗೇ ಇಳಿದುಬಿಡು ಅನ್ನುವುದು ಅವರ ಲೆಕ್ಕ. ಆ ಲೆಕ್ಕ ಎಷ್ಟು ಸರಿ ಇತ್ತು ಅಂದರೆ, 1986ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಕ್ರಿಸ್ಟಾ ಟ್ರ್ಯಾಕ್ ಸೈಕ್ಲಿಂಗ್ (ಅಂಚು ಮೇಲಕ್ಕೆದ್ದ ಇಳಿಜಾರು ಟ್ರ್ಯಾಕಿನ ಮೇಲೆ ಸೈಕಲ್ ಓಟ) ಸ್ಪ್ರಿಂಟ್‌ನ ವಿಶ್ವ ಚಾಂಪಿಯನ್ ಆದರು! ಅಂದರೆ ಸೋಲ್‌ಗೆ ಅವರು ಹೋದದ್ದು ಸುಮ್ನೆ ನೋಡೋಣ ಅಂತ ಅಲ್ಲ, ಗೆಲ್ಲುವ ಲೆಕ್ಕದಲ್ಲೇ ಇದ್ದವರು.

ಸೋಲ್‌ನಲ್ಲಿ ಬೆಳ್ಳಿ ಬಂತು. ಚಿನ್ನ ಸೋವಿಯತ್ ತಂಡದಲ್ಲಿದ್ದ ಎಸ್ಟೋನಿಯಾದ ಎರಿಕಾ ಸಲುಮೇ ಅವರಿಗೆ.

ಪೆಡಲ್ ವಿಜಯಪುರ

ಅಣ್ಣಾ, ಐಸ್ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಸೈಕಲ್ ಭಾಗವನ್ನು ನಾನು ಸ್ವಲ್ಪ ಹೇಳುತ್ತೇನೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ನಾನೂ ಕಾಲೇಜು ಮುಗಿಯುವವರೆಗೆ ತುಳಿದವನು, ಎರಡು ಸಲ ಟ್ರ್ಯಾಕ್ ಮೇಲೂ ಸ್ಪ್ರಿಂಟ್ ಓಡಿದ್ದೇನೆ.

"ಸ್ಕೇಟರ್ ಕಾಲು ಗಟ್ಟಿ, ಅದಕ್ಕೇ ಸೈಕಲ್‌ನಲ್ಲೂ ಗೆದ್ದರು" ಅಂತ ಎಲ್ಲರೂ ಹೇಳುತ್ತಾರೆ. ಕಾಲಿನ ಮಟ್ಟಿಗೆ ಅದು ನಿಜ. ಎರಡರಲ್ಲೂ ಬೆನ್ನು ಬಗ್ಗಿಸಿ, ಮಂಡಿ ಮಡಚಿ, ತೊಡೆ ಮತ್ತು ಪೃಷ್ಠದ ಬಲದಿಂದಲೇ ಕೆಲಸ. ಆದರೆ ತಲೆಯ ಕೆಲಸ ಪೂರ್ತಿ ಬೇರೆ ರೀ. ಇದನ್ನು ಯಾರೂ ಹೇಳಲ್ಲ, ನನಗೆ ಅದೇ ಬೇಜಾರು.

ಐಸ್ ಮೇಲೆ ಇಬ್ಬರು ಓಡಿದರೂ ಇಬ್ಬರ ಲೇನ್ ಬೇರೆ, ನಿಮ್ಮ ಜಗಳ ಗಡಿಯಾರದ ಜೊತೆ. ಪಿಸ್ತೂಲು ಹೊಡೆದ ಕೂಡಲೇ ಇರುವಷ್ಟು ಶಕ್ತಿ ಸುರಿಯಬೇಕು. ಒಂದು ಕ್ಷಣವೂ ತಡೆಯುವ ಹಾಗಿಲ್ಲ. ಟ್ರ್ಯಾಕ್ ಸ್ಪ್ರಿಂಟ್‌ನಲ್ಲಿ ಗಡಿಯಾರಕ್ಕೆ ಬೆಲೆ ಅರ್ಹತಾ ಸುತ್ತಿನಲ್ಲಿ ಮಾತ್ರ. ಆಮೇಲೆ ಇಬ್ಬರೇ ಎದುರುಬದುರು, ಯಾರು ಮೊದಲು ಗೆರೆ ದಾಟುತ್ತಾರೋ ಅವರು ಗೆದ್ದ ಹಾಗೆ. ಎರಡು ಓಟ ಗೆದ್ದವರು ಮುಂದಕ್ಕೆ. ನಿಜವಾದ ವೇಗ ಬರುವುದು ಕೊನೆಯ 200 ಮೀಟರ್‌ನಲ್ಲಿ. ಅಲ್ಲಿಯವರೆಗೆ ಬೆಕ್ಕು ಇಲಿ ಹಿಡಿಯುವ ಹಾಗೆ ಇರುತ್ತೆ. ಮುಂದೆ ಹೋದವನು ಗಾಳಿ ಸೀಳಬೇಕು, ಹಿಂದೆ ಇರುವವನಿಗೆ ಗಾಳಿಯ ಮರೆ ಸಿಗುತ್ತೆ. ಅದಕ್ಕೇ ಮುಂದೆ ಹೋಗೋಕೆ ಯಾರಿಗೂ ಇಷ್ಟ ಇಲ್ಲ.

ನಾನು ಮೊದಲ ಸಲ ಓಡಿದಾಗ ಎದುರಾಳಿ ಮೇಲಿನ ಇಳಿಜಾರಿನಲ್ಲಿ ಸೈಕಲ್ ಪೂರ್ತಿ ನಿಲ್ಲಿಸಿಬಿಟ್ಟ. ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇಲ್ಲ, ಫ್ರೀವೀಲ್ ಇಲ್ಲ, ಪೆಡಲ್ ತಿರುಗಿದರೆ ಚಕ್ರ ತಿರುಗುತ್ತೆ, ಪೆಡಲ್ ನಿಂತರೆ ಚಕ್ರ ನಿಲ್ಲುತ್ತೆ. ಹ್ಯಾಂಡಲ್ ಸ್ವಲ್ಪ ಓರೆ ಮಾಡಿ, ಮುಂದಿನ ಕಾಲಿನ ಮೇಲೆ ಭಾರ ಹಾಕಿ, ಒಂದಿಂಚು ಮುಂದೆ ಒಂದಿಂಚು ಹಿಂದೆ ಮಾಡುತ್ತಾ ನಿಲ್ಲಬೇಕು. ನಾನೂ ನಿಂತೆ. ತೊಡೆ ನಡುಗೋಕೆ ಶುರುವಾಯ್ತು, ಕಣ್ಣಿಗೆ ಬೆವರು ಇಳಿಯಿತು, ಒರೆಸಿಕೊಳ್ಳೋಕೆ ಕೈ ಬಿಡುವ ಹಾಗಿಲ್ಲ. ಒಂದು ಸಲ ಕಣ್ಣು ಮುಚ್ಚಿ ತೆಗೆದೆ. ಅಷ್ಟರಲ್ಲಿ ಅವನು ಇಳಿಜಾರಿನಿಂದ ಕೆಳಗೆ ಜಿಗಿದು ನಾಲ್ಕು ಸೈಕಲ್ ಉದ್ದ ಮುಂದೆ ಹೋಗಿದ್ದ. ಅಲ್ಲಿಗೆ ಮುಗಿಯಿತು.

ಈಗ ಯೋಚನೆ ಮಾಡಿ. ಹುಟ್ಟಿದಾಗಿನಿಂದ ಪಿಸ್ತೂಲು ಕೇಳಿದ ಕೂಡಲೇ ನುಗ್ಗು ಅಂತ ಕಲಿತ ಮೈ ಅದು. ಅದಕ್ಕೆ ನಿಲ್ಲು, ಕಾಯಿ, ಎದುರಿನವಳ ಭುಜ ನೋಡು, ಈಗಲೇ ಬೇಡ ಅಂತ ಕಲಿಸಬೇಕು. ಮತ್ತೆ ನವೆಂಬರ್ ಬಂದ ಕೂಡಲೇ ಅದನ್ನು ಮರೆಸಿ ವಾಪಸ್ ನುಗ್ಗೋಕೆ ಕಲಿಸಬೇಕು. ಕ್ರಿಸ್ಟಾ ಇದನ್ನು ಒಂದು ವರ್ಷವಲ್ಲ, ವರ್ಷ ವರ್ಷವೂ ಮಾಡಿದರು. ನನ್ನ ಪ್ರಕಾರ ಅವರ ದೊಡ್ಡತನ ಇರುವುದು ಇಲ್ಲಿ, ಪದಕದ ಎಣಿಕೆಯಲ್ಲಿ ಅಲ್ಲ.

ಇನ್ನೊಂದು ವಿಷಯ. ಸೋಲ್‌ನಲ್ಲಿ ಕಂಚು ಗೆದ್ದ ಅಮೆರಿಕದ ಕಾನಿ ಪ್ಯಾರಸ್ಕೆವಿನ್ ಯಂಗ್ ಕೂಡ ಸ್ಕೇಟರ್. 1984ರ ಸರಾಯೆವೊದಲ್ಲಿ ಸ್ಪೀಡ್ ಸ್ಕೇಟಿಂಗ್ ಮಾಡಿದ್ದವರು. ಅಂದರೆ ಸೈಕ್ಲಿಂಗ್ ವೇದಿಕೆ ಮೇಲೆ ನಿಂತ ಮೂವರಲ್ಲಿ ಇಬ್ಬರು ಐಸ್ ಮೇಲಿಂದ ಬಂದವರು!

ತುಮಕೂರಿನ ಅಮ್ಮ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗೇಣಿನ ಲೆಕ್ಕ ತೋರಿಸಿದೆ, ಮಗಳು ಕೈ ಅಗಲಿಸಿಕೊಂಡು ಸುಮಾರು ಹೊತ್ತು ಅದನ್ನೇ ನೋಡುತ್ತಿದ್ದಳು. "ಇಷ್ಟಕ್ಕೇನಾ?" ಅಂದಳು. ಈಗ ಅವಳದ್ದು ಹೊಸ ಪ್ರಶ್ನೆ: ಇವರು ಮಾಡಿದ್ದನ್ನು ಬೇರೆ ಯಾರೂ ಮಾಡಿಲ್ವಾ, ತಾನು ಮಾಡಬಹುದಾ ಅಂತ. ಏನು ಹೇಳಲಿ?

ಹಳೇ ಒಲಿಂಪಿಕ್ಸ್

ಅಕ್ಕಾ, ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಈ ಪ್ರಶ್ನೆ ನನ್ನ ತಲೆಯಲ್ಲೂ ಬಹಳ ದಿನ ಕೊರೆದಿದೆ.

ಒಂದೇ ವರ್ಷದಲ್ಲಿ ಚಳಿಗಾಲದ ಒಲಿಂಪಿಕ್ಸ್, ಬೇಸಿಗೆ ಒಲಿಂಪಿಕ್ಸ್ ಎರಡರಲ್ಲೂ ಪದಕ ಗೆದ್ದವರು ಕ್ರಿಸ್ಟಾ ಒಬ್ಬರೇ. ಇನ್ನು ಮುಂದೆ ಯಾರೂ ಗೆಲ್ಲೋಕೆ ಆಗಲ್ಲ. ಶಕ್ತಿ ಸಾಲದು ಅಂತಲ್ಲ, ಕ್ಯಾಲೆಂಡರ್ ಬದಲಾಗಿದೆ. ಮೊದಲು ಎರಡೂ ಒಂದೇ ವರ್ಷ ನಡೆಯುತ್ತಿದ್ದವು. ಬೇರೆ ಬೇರೆ ಮಾಡೋಣ ಅಂತ ಒಲಿಂಪಿಕ್ ಸಮಿತಿ 1986ರಲ್ಲಿ ತೀರ್ಮಾನ ಮಾಡಿತು. 1992ರಲ್ಲಿ ಕೊನೆಯ ಸಲ ಎರಡೂ ಒಂದೇ ವರ್ಷ ಬಂದವು, 1994ರಲ್ಲಿ ಲಿಲ್ಲೆಹ್ಯಾಮರ್ ಚಳಿಗಾಲದ ಒಲಿಂಪಿಕ್ಸ್‌ನಿಂದ ಹೊಸ ಲೆಕ್ಕ ಶುರು.

ಇನ್ನೊಂದು ಕಡೆ ನೋಡಿ. ಮಹಿಳೆಯರ ಟ್ರ್ಯಾಕ್ ಸ್ಪ್ರಿಂಟ್ ಒಲಿಂಪಿಕ್ಸ್‌ಗೆ ಬಂದದ್ದೇ 1988ರ ಸೋಲ್‌ನಲ್ಲಿ. ಅದಕ್ಕೂ ಮೊದಲು ಆ ಸ್ಪರ್ಧೆಯೇ ಇರಲಿಲ್ಲ. ಅಂದರೆ ಐಸ್ ಮತ್ತು ಟ್ರ್ಯಾಕ್ ಎರಡರಲ್ಲೂ ಒಂದೇ ವರ್ಷ ಪದಕ ಗೆಲ್ಲುವ ಅವಕಾಶ ಒಬ್ಬ ಹೆಣ್ಣುಮಗಳಿಗೆ ಇತಿಹಾಸದಲ್ಲಿ ಸಿಕ್ಕಿದ್ದು ಎರಡೇ ಸಲ, 1988 ಮತ್ತು 1992. ಬಾಗಿಲು ತೆರೆದದ್ದು ಅಷ್ಟೇ ಹೊತ್ತು. ಕ್ರಿಸ್ಟಾ ತೆರೆದ ಮೊದಲ ಸಲವೇ ಒಳಗೆ ಹೋಗಿ ಬಂದರು.

ಅವರಿಗಿಂತ ಮೊದಲೇ ಇದಕ್ಕೆ ತಕ್ಕವರು ಇದ್ದರು. ಅಮೆರಿಕದ ಶೀಲಾ ಯಂಗ್ 1973ರಲ್ಲೇ ಸ್ಕೇಟಿಂಗ್ ಸ್ಪ್ರಿಂಟ್, ಸೈಕ್ಲಿಂಗ್ ಸ್ಪ್ರಿಂಟ್ ಎರಡರಲ್ಲೂ ವಿಶ್ವ ಚಾಂಪಿಯನ್ ಆಗಿದ್ದರು. 1976ರಲ್ಲಿ ಐಸ್ ಮೇಲೆ ಒಲಿಂಪಿಕ್ ಚಿನ್ನ ಗೆದ್ದರು, ಅದೇ ವರ್ಷ ಸೈಕಲ್‌ನಲ್ಲೂ ವಿಶ್ವ ಚಾಂಪಿಯನ್. ಆದರೆ ಆ ವರ್ಷದ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಸೈಕ್ಲಿಂಗೇ ಇರಲಿಲ್ಲ! ನನಗೆ ಶೀಲಾ ಅವರನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ಸಾಮರ್ಥ್ಯ ಇದ್ದು, ಸ್ಪರ್ಧೆಯೇ ಇಲ್ಲದೆ ಹೋದದ್ದು.

ಬೇರೆ ಬೇರೆ ವರ್ಷಗಳಲ್ಲಿ ಎರಡೂ ಕಡೆ ಪದಕ ಗೆದ್ದವರು ಬೆರಳೆಣಿಕೆಯಷ್ಟು ಜನ ಇದ್ದಾರೆ. ಕೆನಡಾದ ಕ್ಲಾರಾ ಹ್ಯೂಸ್ ಸೈಕ್ಲಿಂಗ್ ಮತ್ತು ಸ್ಪೀಡ್ ಸ್ಕೇಟಿಂಗ್ ಎರಡರಲ್ಲೂ ಗೆದ್ದಿದ್ದಾರೆ. ಹಾಗಾಗಿ ನಿಮ್ಮ ಮಗಳಿಗೆ ಹೇಳಿ, ಒಂದೇ ವರ್ಷ ಆಗಲ್ಲ, ಎರಡು ವರ್ಷದ ಅಂತರದಲ್ಲಿ ಖಂಡಿತ ಆಗುತ್ತೆ.

ಒಂದು ಮಾತು ಹೇಳದೆ ಇರೋಕೆ ಆಗುತ್ತಿಲ್ಲ. ನೀವು ಮಗಳಿಗೆ ಪೂರ್ವ ಜರ್ಮನಿಯ ಕಥೆ ಹೇಳುವಾಗ ಇದೂ ಗೊತ್ತಿರಲಿ. ಆ ದೇಶದಲ್ಲಿ ಸರ್ಕಾರವೇ ನಿಂತು ಆಟಗಾರರಿಗೆ ಬಲ ಹೆಚ್ಚಿಸುವ ನಿಷೇಧಿತ ಮದ್ದು (ಡೋಪಿಂಗ್) ಕೊಡಿಸುವ ವ್ಯವಸ್ಥೆ ನಡೆಸುತ್ತಿತ್ತು. ಎಷ್ಟೋ ಮಕ್ಕಳಿಗೆ ಏನು ಕೊಡುತ್ತಿದ್ದಾರೆ ಅಂತ ಹೇಳಿಯೂ ಇರಲಿಲ್ಲ. ಬರ್ಲಿನ್ ಗೋಡೆ ಬಿದ್ದ ಮೇಲೆ ಕಡತಗಳು ಹೊರಬಂದವು, ಆಮೇಲೆ ಕೋರ್ಟುಗಳಲ್ಲಿ ಕೇಸೂ ನಡೆದವು. ಕ್ರಿಸ್ಟಾ ಅವರ ಹೆಸರು ಹಿಡಿದು ನಾನು ಏನೂ ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ಆ ಕಾಲದ ಪೂರ್ವ ಜರ್ಮನಿಯ ಪದಕಗಳ ಬಗ್ಗೆ ಜನ ಕಡಿಮೆ ಮಾತಾಡುವುದಕ್ಕೆ ಇದೂ ಒಂದು ಕಾರಣ. ನೀವು ಯಾಕೆ ಕೇಳಿಲ್ಲ ಅಂದಿದ್ದಿರಲ್ಲ, ಅದಕ್ಕೆ ಹೇಳಿದೆ.

ಡ್ರೆಸ್ಡೆನ್ ಕನ್ನಡಿಗ

ಮೇಲಿನವರು ಹೇಳಿದ್ದು ಸರಿ, ಅದನ್ನು ಮುಚ್ಚಿಡಬಾರದು. ಇಲ್ಲಿನ ಹಿರಿಯರ ಜೊತೆ ಮಾತಾಡುವಾಗ ನಾನು ಗಮನಿಸಿದ್ದೇನೆ, ಆ ಕಾಲದ ಆಟದ ವಿಷಯ ಬಂದರೆ ಹೆಮ್ಮೆ, ನೋವು ಎರಡೂ ಒಟ್ಟಿಗೇ ಬರುತ್ತೆ, ಮಾತು ಅರ್ಧಕ್ಕೇ ನಿಲ್ಲುತ್ತೆ. ಕೇಳಿಸಿಕೊಳ್ಳುವವರಿಗೆ ಸ್ವಲ್ಪ ತಾಳ್ಮೆ ಬೇಕು.

ಇನ್ನೊಂದು ಕಾರಣ ನನಗೆ ಅನಿಸುವುದು, ಅವರು ಓಡಿದ ದೇಶವೇ ಇಲ್ಲದೆ ಹೋಯಿತು. 1990ರಲ್ಲಿ ಎರಡು ಜರ್ಮನಿ ಒಂದಾದವು. ಅವರ ಧ್ವಜ, ಅಂಗಿ, ಹೆಸರು ಎಲ್ಲ ಬದಲಾಯಿತು. ನೆನಪಿಟ್ಟುಕೊಂಡು ಹೇಳೋಕೆ ಯಾರ ಪಾಲಿಗೂ ಪೂರ್ತಿ ಸೇರಲಿಲ್ಲ.

ಆದರೂ ಅವರು ನಿಲ್ಲಿಸಲಿಲ್ಲ. 1992ರಲ್ಲಿ ಆಲ್ಬರ್ಟ್‌ವಿಲ್, ವಯಸ್ಸು 32, ಒಂದಾದ ಜರ್ಮನಿಯ ಅಂಗಿ. ಮತ್ತೆ ತೆರೆದ ಆಕಾಶದ ಕೆಳಗಿನ ರಿಂಕು, ಕ್ಯಾಲ್ಗರಿಯಂಥ ಗಟ್ಟಿ ಐಸ್ ಅಲ್ಲ, ಹಾಗಾಗಿ ಎಲ್ಲರ ಸಮಯವೂ ನಿಧಾನ. 500 ಮೀಟರ್‌ನಲ್ಲಿ ಬಾನಿ ಬ್ಲೇರ್ 40.33, ಚೀನಾದ ಯೆ ಚಿಯಾವೊಬೊ 40.51, ಕ್ರಿಸ್ಟಾ 40.57. ಕಂಚು. ಬೆಳ್ಳಿಗೂ ಕಂಚಿಗೂ ನಡುವೆ ಒಂದೂಮುಕ್ಕಾಲು ಮೊಳ ಇರಬಹುದು. ಹನ್ನೆರಡು ವರ್ಷದ ಹಿಂದೆ ಹನ್ನೆರಡನೇ ಸ್ಥಾನದಿಂದ ಶುರು ಮಾಡಿದವರು, ಐಸ್ ಮೇಲೆ ಎರಡು ಚಿನ್ನ, ಒಂದು ಬೆಳ್ಳಿ, ಒಂದು ಕಂಚು, ಸೈಕಲ್ ಮೇಲೆ ಒಂದು ಬೆಳ್ಳಿ ತಗೊಂಡು ಮುಗಿಸಿದರು.

ಇಲ್ಲಿ ಊರೊಳಗೇ ಎಲ್ಬೆ ನದಿ ಹತ್ತಿರ ಒಂದು ಬಯಲು ರಿಂಕು ಇದೆ, 400 ಮೀಟರಿನದ್ದು. ಕಳೆದ ಚಳಿಗಾಲ ನಾನೂ ಸ್ಕೇಟ್ಸು ಬಾಡಿಗೆಗೆ ತಗೊಂಡು ಇಳಿದಿದ್ದೆ. ಪಕ್ಕದ ಲೇನಿನಲ್ಲಿ ಕ್ಲಬ್ಬಿನ ಮಕ್ಕಳು ಓಡುತ್ತಿದ್ದರು, ಉದ್ದನೆ ಬ್ಲೇಡಿನವು. ತಿರುವಿಗೆ ಬಂದಾಗ ಎಡಗಡೆಗೆ ಎಷ್ಟು ವಾಲುತ್ತಾರೆ ಅಂದರೆ ಬಿದ್ದೇ ಬಿಟ್ಟರು ಅನಿಸುತ್ತೆ. ಬಲಗಾಲು ಎಡಗಾಲಿನ ಮೇಲೆ ಹಾದು ಬಂದು ಐಸ್ ಕಚ್ಚುತ್ತೆ, ಕತ್ತರಿಯಲ್ಲಿ ದಪ್ಪ ಬಟ್ಟೆ ಕತ್ತರಿಸುವಂಥ ಶಬ್ದ. ಅವರನ್ನು ನೋಡಿ ನಾನೂ ಹಾಗೇ ಬಗ್ಗಿ ಕೂತು ಹೋಗೋಕೆ ನೋಡಿದೆ. ಅರ್ಧ ಸುತ್ತಿಗೇ ತೊಡೆ ಬೆಂಕಿಯಾಯಿತು. ಮಂಡಿ ಅಷ್ಟು ಮಡಚಿ ಕೂತಾಗ ಸ್ನಾಯುಗಳಿಗೆ ರಕ್ತ ಸರಿಯಾಗಿ ಹರಿಯಲ್ಲ, ಅದಕ್ಕೇ ಆ ಉರಿ. ಆ ಭಂಗಿಯಲ್ಲೇ ಒಂದೂಕಾಲು ಸುತ್ತು 39 ಸೆಕೆಂಡಿನಲ್ಲಿ ಅಂದರೆ ಏನು ಅಂತ ಅವತ್ತು ಅರ್ಥವಾಯಿತು.

ಮಗಳಿಗೆ ತೋರಿಸುವಾಗ ಒಂದು ಗಮನಿಸೋಕೆ ಹೇಳಿ ಮೇಡಂ. 1000 ಮೀಟರ್‌ನ ಕೊನೆಯ ತಿರುವಿನಲ್ಲಿ ಕಾಲು ಸೋತಿರುತ್ತೆ, ಆಗ ಎಲ್ಲರೂ ತಮಗೆ ಗೊತ್ತಿಲ್ಲದ ಹಾಗೆ ಸ್ವಲ್ಪ ಮೇಲೆ ಏಳುತ್ತಾರೆ. ಕ್ರಿಸ್ಟಾ ಅವರ ಸೊಂಟದ ಎತ್ತರ ಮೊದಲ ತಿರುವಿನಲ್ಲಿ ಎಷ್ಟಿತ್ತು, ಕೊನೆಯದರಲ್ಲಿ ಎಷ್ಟಿದೆ, ಎರಡನ್ನೂ ನಿಲ್ಲಿಸಿ ನೋಡಲಿ. ಚಕ್ರದ ಸ್ಕೇಟ್ಸಿಗೂ ಅದೇ ಪಾಠ.

ಪೆಡಲ್ ವಿಜಯಪುರ

ಅಣ್ಣಾ, ಅದೊಂದು ಮಾತು ಸೈಕಲ್‌ಗೂ ಪೂರ್ತಿ ಅನ್ವಯಿಸುತ್ತೆ. ಕೊನೆಯ ಐವತ್ತು ಮೀಟರ್‌ನಲ್ಲಿ ತಲೆ ಎತ್ತಿದವನು ಸೋತ ಹಾಗೆ. ಅಕ್ಕಾ, ರಜೆಯಲ್ಲಿ ಮಗಳಿಗೆ ಸೈಕಲ್ ಕೂಡ ತುಳಿಸಿ. ಅವಳ ಅಳತೆಯ ಸೈಕಲ್ ಇರಲಿ, ದೊಡ್ಡದು ಕೊಡಿಸಬೇಡಿ, ಮಂಡಿ ನೋವು ಬರುತ್ತೆ.

ತುಮಕೂರಿನ ಅಮ್ಮ

ಈಗಷ್ಟೇ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಇಬ್ಬರಿಗೂ ಒಂದೇ ಅನಿಸಿತು, ಕೊನೆಯ ತಿರುವಿನಲ್ಲೂ ಸೊಂಟ ಅಲ್ಲೇ ಇದೆ. ಮಗಳು ಹಾಲ್‌ನಲ್ಲಿ ಗೋಡೆಗೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು, ಅದರ ಕೆಳಗೇ ಬಗ್ಗಿ ನಿಂತು ಎಣಿಸುತ್ತಿದ್ದಾಳೆ. ಇಪ್ಪತ್ತಾರಕ್ಕೆ ಎದ್ದಳು. ಮತ್ತೆ ಬಗ್ಗಿದ್ದಾಳೆ.